ಹತ್ತು ರೂಪಾಯಿ ಆರ್‌ಟಿಐ ಶುಲ್ಕ: ದುಬೈನಿಂದ ಗುಂಡ್ಲುಪೇಟೆಗೆ ಕಟ್ಟೋದು ಹೇಗೆ?

ಮಾಹಿತಿ ಹಕ್ಕು ಅರ್ಜಿಗೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಹೆಚ್ಚುಕಮ್ಮಿ ಒಂದು ಟೀ ದುಡ್ಡು. ಇಷ್ಟು ಸಣ್ಣ ಮೊತ್ತದ ಬಗ್ಗೆ ಯಾಕೆ ಬರೀತಿದೀನಿ ಅಂದ್ರೆ, ಸಮಸ್ಯೆ ಇರೋದು ಮೊತ್ತದಲ್ಲಲ್ಲ, ಅದನ್ನ ಕಟ್ಟೋ ವಿಧಾನದಲ್ಲಿ.

ಒಂದು ಉದಾಹರಣೆ ತಗೊಳ್ಳಿ. ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ದುಬೈನಲ್ಲಿ ಕೆಲಸ ಮಾಡ್ತಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಜಮೀನಿನ ಖಾತೆ ಪೂರ್ತಿ ಅಣ್ಣನ ಹೆಸರಿಗೆ ಹೋಗಿದೆ. ಪಹಣಿಯನ್ನ ‘ಭೂಮಿ’ ವೆಬ್‌ಸೈಟಲ್ಲೇ ನೋಡಬಹುದು. ಆದರೆ ಖಾತೆ ಬದಲಾವಣೆಗೆ ಯಾವ ದಾಖಲೆ ಕೊಟ್ಟರು, ಅವಳಿಗೆ ನೋಟಿಸ್ ಹೋಗಿತ್ತಾ ಅನ್ನೋದೆಲ್ಲ ತಾಲ್ಲೂಕು ಕಚೇರಿಯ ಕಡತದಲ್ಲಿದೆ. ಅದಕ್ಕೆ ಆರ್‌ಟಿಐ ಬೇಕು.

ಅವಳಿಗೆ ಹಕ್ಕಿದೆ. ಕಾಯ್ದೆಯ 3ನೇ ಸೆಕ್ಷನ್ ಎಲ್ಲಾ ನಾಗರಿಕರಿಗೂ ಮಾಹಿತಿ ಹಕ್ಕು ಕೊಡುತ್ತೆ. ಎಲ್ಲಿ ವಾಸ ಅಂತ ಕೇಳಲ್ಲ. ಆದರೆ ಕಾಗದದ ಅರ್ಜಿಗೆ ಶುಲ್ಕ ಕಟ್ಟೋ ರೂಢಿಯ ದಾರಿಗಳು ನಗದು, ಡಿಡಿ, ಇಲ್ಲಾ ಪೋಸ್ಟಲ್ ಆರ್ಡರ್. ನಗದು ಕೊಡೋಕೆ ಖುದ್ದಾಗಿ ಹೋಗಬೇಕು. ಡಿಡಿ ಮಾಡಿಸಿದ್ರೆ ಬ್ಯಾಂಕಿನ ಕಮಿಷನ್ನೇ ಶುಲ್ಕಕ್ಕಿಂತ ಜಾಸ್ತಿ. ಪೋಸ್ಟಲ್ ಆರ್ಡರ್ ಸಿಗೋದು ನಮ್ಮ ಅಂಚೆ ಕಚೇರಿಗಳ ಕೌಂಟರಲ್ಲಿ. (ಇದು ಮನಿ ಆರ್ಡರ್ ಅಲ್ಲ. ಮನಿ ಆರ್ಡರ್ ದುಡ್ಡನ್ನ ಪೋಸ್ಟ್‌ಮ್ಯಾನ್ ಮನೆಗೆ ತಂದುಕೊಡ್ತಾರೆ. ಪೋಸ್ಟಲ್ ಆರ್ಡರ್ ಚೆಕ್ ಥರದ ಚೀಟಿ, ಅರ್ಜಿ ಜೊತೆ ಲಗತ್ತಿಸಬೇಕು.)

ದೆಹಲಿಗೊಂದು ದಾರಿ, ಚಾಮರಾಜನಗರಕ್ಕೊಂದು ದಾರಿ

ಕೇಂದ್ರ ಸರ್ಕಾರದ ಕಚೇರಿಗಳ ವಿಷಯದಲ್ಲಿ ಈ ತೊಡಕು ಬಗೆಹರಿದು ದಶಕವೇ ಆಯ್ತು. ವಿದೇಶದಲ್ಲಿರೋ ನಾಗರಿಕರು ಕಾರ್ಡ್ ಮೂಲಕ ಕಟ್ಟಲಿ ಅಂತ ಅಂಚೆ ಇಲಾಖೆ 2013ರ ಮಾರ್ಚ್‌ನಲ್ಲಿ ‘ಇ-ಐಪಿಒ’, ಅಂದ್ರೆ ಎಲೆಕ್ಟ್ರಾನಿಕ್ ಪೋಸ್ಟಲ್ ಆರ್ಡರ್ ಶುರುಮಾಡ್ತು. ಕೇಂದ್ರದ ಆರ್‌ಟಿಐ ಪೋರ್ಟಲ್ ಕೂಡ ಇದೆ. ಆದರೆ ಎರಡೂ ಕೇಂದ್ರದ ಕಚೇರಿಗಳಿಗೆ ಮಾತ್ರ.

ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನೇ ನೋಡಿ. ಅದರ ಬಗ್ಗೆ ಕೇಂದ್ರ ಹೆದ್ದಾರಿ ಸಚಿವಾಲಯದ ಕಡತ ಬೇಕಂದ್ರೆ ದುಬೈನಲ್ಲಿ ಕೂತೇ ಅರ್ಜಿ ಹಾಕಬಹುದು. 2009ರಲ್ಲಿ ಆ ನಿಷೇಧ ಹೇರಿದ ಚಾಮರಾಜನಗರ ಜಿಲ್ಲಾಡಳಿತದ ಕಡತ ಬೇಕಂದ್ರೆ ಅದು ರಾಜ್ಯದ ವಿಷಯ, ರಾಜ್ಯದ ನಿಯಮ.

ಯಾಕೆ ಹೀಗೆ? ಶುಲ್ಕದ ನಿಯಮ ಮಾಡೋ ಅಧಿಕಾರವನ್ನ ಕಾಯ್ದೆಯ 27ನೇ ಸೆಕ್ಷನ್ ಆಯಾ ಸರ್ಕಾರಕ್ಕೆ ಬಿಟ್ಟಿದೆ. ಗುಂಡ್ಲುಪೇಟೆಯಿಂದ ಕಾಡು ದಾಟಿದ್ರೆ ಒಂದು ಕಡೆ ಕೇರಳ, ಇನ್ನೊಂದು ಕಡೆ ತಮಿಳುನಾಡು. ಆ ಎರಡೂ ರಾಜ್ಯಗಳಲ್ಲಿ ಅರ್ಜಿ ಮೇಲೆ 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ್ರೆ ಸಾಕು. ಒಂದೇ ಕಾಯ್ದೆ, ಚೆಕ್‌ಪೋಸ್ಟ್ ದಾಟಿದ ತಕ್ಷಣ ಬೇರೆ ರೂಢಿ.

ಕರ್ನಾಟಕಕ್ಕೂ ಆನ್‌ಲೈನ್ ಪೋರ್ಟಲ್ ಇದೆ. ಮೊದಲು ಅಲ್ಲಿ ನೋಡಿ. ನಿಮಗೆ ಬೇಕಾದ ಕಚೇರಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ರೆ ಮತ್ತೆ ಕಾಗದವೇ ಗತಿ. ಅಪ್ಪಿತಪ್ಪಿ ಕೇಂದ್ರದ ಪೋರ್ಟಲಲ್ಲಿ ರಾಜ್ಯದ ಅರ್ಜಿ ಹಾಕಬೇಡಿ. ಅರ್ಜಿ ವಾಪಸ್ ಬರುತ್ತೆ, ದುಡ್ಡು ಬರಲ್ಲ.

ದುಡ್ಡು ಕಟ್ಟೋದು ಒಂದೇ ಸಲಕ್ಕೆ ಮುಗಿಯಲ್ಲ ಅನ್ನೋದೂ ನೆನಪಿರಲಿ. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಅಂತ ಕಚೇರಿಯಿಂದ ಪತ್ರ ಬರುತ್ತೆ. ಆ ದುಡ್ಡು ಸೇರೋವರೆಗಿನ ದಿನಗಳು 30 ದಿನದ ಗಡುವಿನ ಲೆಕ್ಕಕ್ಕೆ ಬರಲ್ಲ.

ಊರಲ್ಲೇ ಇರೋ ‘ವಿದೇಶಿಯರು’

ಇದೇ ಜಿಲ್ಲೆಯಲ್ಲಿ ಇದರ ತದ್ವಿರುದ್ಧದ ಕಥೆಯೂ ಇದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟಿಯನ್ ಶಿಬಿರಕ್ಕೆ ಸುಮಾರು ಐದು ದಶಕದ ಇತಿಹಾಸ. ಅಲ್ಲಿನವರು ಅಂಚೆ ಕಚೇರಿಗೆ ಹೋಗಿ ಪೋಸ್ಟಲ್ ಆರ್ಡರ್ ಕೊಳ್ಳಬಹುದು. ಆದರೆ ನೋಂದಣಿ ಪತ್ರದ ಮೇಲೆ ವಿದೇಶಿಯರಾಗಿ ಇರೋರಿಗೆ ಮಾಹಿತಿ ಕೇಳೋ ಹಕ್ಕಿಲ್ಲ. 26 ಜನವರಿ 1950ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ನಾಗರಿಕರು ಅಂತ ದೆಹಲಿ ಹೈಕೋರ್ಟ್ 2010ರಲ್ಲೂ ಕರ್ನಾಟಕ ಹೈಕೋರ್ಟ್ 2013ರಲ್ಲೂ ಹೇಳಿವೆ. ಅವರಿಗೆ ಹಕ್ಕಿದೆ. ಆಮೇಲೆ ಇಲ್ಲೇ ಹುಟ್ಟಿದ ತಮ್ಮ ತಂಗಿಯರಿಗೆ ಹಾಗಿಲ್ಲ. ವಿದೇಶಿ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಕೊಂಡಿರೋ ಕನ್ನಡಿಗರೂ ಈ ಕಾಯ್ದೆಯ ಕಣ್ಣಲ್ಲಿ ನಾಗರಿಕರಲ್ಲ.

ಬ್ರಿಟನ್ನಿನಲ್ಲಿ ಹೀಗಿಲ್ಲ. ಯಾವ ದೇಶದವರಾದ್ರೂ ಅಲ್ಲಿನ ಸರ್ಕಾರಿ ಕಚೇರಿಗೆ ಇಮೇಲಲ್ಲೇ ಮಾಹಿತಿ ಕೇಳಬಹುದು. ಅರ್ಜಿ ಶುಲ್ಕವೂ ಇಲ್ಲ.

ಸದ್ಯಕ್ಕೆ ಏನು ಮಾಡಬಹುದು?

ಎಲ್ಲರೂ ಹೇಳೋ ಉಪಾಯ ಒಂದೇ: ಊರಲ್ಲಿರೋ ಯಾರಾದ್ರೂ ನಾಗರಿಕರ ಕೈಲಿ ಅವರದೇ ಹೆಸರಲ್ಲಿ ಅರ್ಜಿ ಹಾಕಿಸಿ. ಕಾನೂನು ಇದಕ್ಕೆ ಅಡ್ಡಿ ಬರಲ್ಲ. 6(2)ನೇ ಸೆಕ್ಷನ್ ಪ್ರಕಾರ ಮಾಹಿತಿ ಯಾಕೆ ಬೇಕು ಅಂತ ಕೇಳೋ ಹಾಗಿಲ್ಲ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ.

ಆದರೆ ಆ ಹೆಣ್ಣುಮಗಳು ಯಾರನ್ನ ಕೇಳಬೇಕು? ಅಣ್ಣನನ್ನಾ? ಊರಲ್ಲಿ ಅಣ್ಣನ ಎದುರು ನಿಲ್ಲೋ ಧೈರ್ಯ ಇರೋ ನೆಂಟರು ಎಷ್ಟು ಜನ? ಯಾರ ಹಂಗೂ ಇಲ್ಲದೆ ಪ್ರಶ್ನೆ ಕೇಳಲಿ ಅಂತ ಬಂದ ಕಾಯ್ದೆ, ಹತ್ತು ರೂಪಾಯಿಯ ಚೀಟಿಗೋಸ್ಕರ ಅವಳನ್ನ ಇನ್ನೊಬ್ಬರ ಹಂಗಿಗೆ ದೂಡುತ್ತೆ.

ವಿದೇಶಿಯರಿಗೂ ಹಕ್ಕು ಕೊಡಬೇಕಂದ್ರೆ ಸಂಸತ್ತು ಕಾಯ್ದೆ ತಿದ್ದಬೇಕು. ಅದು ದೊಡ್ಡ ಚರ್ಚೆ, ನಡೀಲಿ. ಶುಲ್ಕದ ನಿಯಮ ತಿದ್ದೋಕೆ ಮಾತ್ರ ವಿಧಾನಸೌಧದ ಒಂದು ಅಧಿಸೂಚನೆ ಸಾಕು. ರಾಜ್ಯದ ಎಷ್ಟೋ ಶುಲ್ಕಗಳನ್ನ ‘ಖಜಾನೆ-2’ರಲ್ಲಿ ಆನ್‌ಲೈನ್ ಚಲನ್ ಮೂಲಕ ಕಟ್ತಿದೀವಿ. ಪ್ರತಿ ತಾಲ್ಲೂಕು ಕಚೇರಿ, ಪ್ರತಿ ಗ್ರಾಮ ಪಂಚಾಯಿತಿಯ ಆರ್‌ಟಿಐಗೂ ಅದನ್ನ ತೆರೆಯಲಿ, ವಿದೇಶಿ ಕಾರ್ಡ್‌ಗಳಿಂದಲೂ ಕಟ್ಟೋ ಹಾಗೆ ಮಾಡಲಿ. ನಿಮ್ಮ ಶಾಸಕರು ಮುಂದಿನ ಸಲ ಸಿಕ್ಕಾಗ ಇದನ್ನ ಕೇಳಿ. ಕೇಳೋಕೆ ಹತ್ತು ರೂಪಾಯಿಯೂ ಬೇಡ.