ದೋಷ ನಾಣ್ಯಕ್ಕೆ ಬೆಲೆ ಕಟ್ಟುವವರು ಯಾರು?

ಹಣದ ಮೊದಲ ಲಕ್ಷಣ ಸಮಾನತೆ. ನನ್ನ ಜೇಬಿನ ಐದು ರೂಪಾಯಿ ನಾಣ್ಯಕ್ಕೂ ನಿಮ್ಮ ಜೇಬಿನ ಐದು ರೂಪಾಯಿ ನಾಣ್ಯಕ್ಕೂ ವ್ಯತ್ಯಾಸವಿಲ್ಲ ಎಂಬ ನಂಬಿಕೆಯ ಮೇಲೆಯೇ ಸಕಲ ವ್ಯವಹಾರವೂ ನಿಂತಿದೆ. ಈ ನಿಯಮಕ್ಕೆ ವಿಚಿತ್ರವಾದ ಅಪವಾದವೊಂದಿದೆ. ಟಂಕಸಾಲೆಯ ಯಂತ್ರ ಎಡವಿ, ತಪಾಸಣೆಯ ಕಣ್ಣು ತಪ್ಪಿಸಿ ಹೊರಬಿದ್ದ ನಾಣ್ಯಕ್ಕೆ ಮುಖಬೆಲೆಯ ಸಾವಿರಾರು ಪಟ್ಟು ಬೆಲೆ ಬರುವುದುಂಟು. ಬೇರೆ ಕಾರ್ಖಾನೆಗಳಲ್ಲಿ ದೋಷವಿರುವ ಸರಕು ಅಗ್ಗವಾಗುತ್ತದೆ; ಇಲ್ಲಿ ದೋಷವೇ ಗುಣ. ಆದರೆ ಅದು ನಿಜವಾದ ದೋಷ ಎಂದು ಹೇಳಬೇಕಾದವರು ಯಾರು? ಈ ಹವ್ಯಾಸದ ಅರ್ಥಶಾಸ್ತ್ರವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ದೋಷ ನಾಣ್ಯಗಳ ಬೇಟೆ ದೊಡ್ಡ ಹವ್ಯಾಸವಾಗಿ ಬೆಳೆದದ್ದು ಅಮೆರಿಕದಲ್ಲಿ. 1955ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಒಂದು ಸೆಂಟ್ ನಾಣ್ಯದ ಅಚ್ಚನ್ನು ತಯಾರಿಸುವಾಗ ಎರಡನೆಯ ಒತ್ತು ಕೊಂಚ ತಿರುಗಿ ಬಿದ್ದಿತು. ಪರಿಣಾಮವಾಗಿ ಇಸವಿ ಮತ್ತು ಅಕ್ಷರಗಳು ಬರಿಗಣ್ಣಿಗೇ ಎರಡೆರಡಾಗಿ ಕಾಣುವ ನಾಣ್ಯಗಳು ಹೊರಬಂದವು. ತಪ್ಪು ಪತ್ತೆಯಾಗುವಷ್ಟರಲ್ಲಿ ಅಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳು ಸರಿಯಾದ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಇಡೀ ರಾಶಿಯನ್ನು ಕರಗಿಸುವ ಬದಲು ಹಾಗೆಯೇ ಚಲಾವಣೆಗೆ ಬಿಡಲಾಯಿತು. ಆಗ ಸಿಗರೇಟು ಮಾರುವ ಯಂತ್ರಕ್ಕೆ 25 ಸೆಂಟ್ ಹಾಕಿದರೆ 23 ಸೆಂಟಿನ ಪೊಟ್ಟಣ ಬರುತ್ತಿತ್ತು. ಉಳಿದ ಎರಡು ಸೆಂಟ್ ಚಿಲ್ಲರೆಯನ್ನು ಪೊಟ್ಟಣದ ಹೊದಿಕೆಯೊಳಗೇ ಸೇರಿಸಿರುತ್ತಿದ್ದರು. ಈ ನಾಣ್ಯಗಳಲ್ಲಿ ಹಲವು ಜನರ ಕೈ ಸೇರಿದ್ದು ಹೀಗೆ.

ಇನ್ನೊಂದು ಪ್ರಸಂಗ ಮತ್ತಷ್ಟು ಬೋಧಪ್ರದ. ಯುದ್ಧಕ್ಕೆ ತಾಮ್ರ ಬೇಕಾದ್ದರಿಂದ 1943ರಲ್ಲಿ ಅಮೆರಿಕದ ಸೆಂಟ್ ನಾಣ್ಯಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಟಂಕಿಸಲಾಯಿತು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಎಲ್ಲೋ ಉಳಿದು ಅಚ್ಚಿನಡಿ ಸೇರಿಬಿಟ್ಟವು. ಅಂಥ ನಾಣ್ಯ ತಂದುಕೊಟ್ಟವರಿಗೆ ಹೆನ್ರಿ ಫೋರ್ಡ್ ಕಾರು ಕೊಡುತ್ತಾನೆಂಬ ವದಂತಿ ದೇಶವೆಲ್ಲ ಹಬ್ಬಿತು. ಅದು ಶುದ್ಧ ಸುಳ್ಳು. 1947ರಲ್ಲಿ ಮ್ಯಾಸಚೂಸೆಟ್ಸ್‌ನ ಶಾಲಾ ಬಾಲಕನೊಬ್ಬನಿಗೆ ಕ್ಯಾಂಟೀನಿನ ಚಿಲ್ಲರೆಯಲ್ಲಿ ಅಂಥದೊಂದು ನಾಣ್ಯ ಸಿಕ್ಕಿತು. ವಿಚಾರಿಸಿದಾಗ ಖಜಾನೆ ಇಲಾಖೆಯಿಂದ ಬಂದ ಉತ್ತರ, 1943ರಲ್ಲಿ ತಾಮ್ರದ ಸೆಂಟ್ ಟಂಕಿಸಿಯೇ ಇಲ್ಲ ಎಂಬುದು. ಆತ ಏಳು ದಶಕ ಅದನ್ನು ಜೋಪಾನ ಮಾಡಿದ. 2019ರ ಜನವರಿಯಲ್ಲಿ ಅದು 2,04,000 ಡಾಲರ್‌ಗೆ ಹರಾಜಾಯಿತು. ವದಂತಿಯೂ ಸುಳ್ಳಾಗಿತ್ತು, ಸರ್ಕಾರದ ನಿರಾಕರಣೆಯೂ ತಪ್ಪಾಗಿತ್ತು. ಸತ್ಯವನ್ನು ನಿರ್ಧರಿಸಿದ್ದು ಪರೀಕ್ಷೆ ಮಾತ್ರ.

ಪರೀಕ್ಷೆ ಏಕೆ ಬೇಕೆಂದರೆ, ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟು ಮಾರುವವರೂ, 1948ರ ನಾಣ್ಯದ 8ನ್ನು ಅರೆದು 3 ಮಾಡುವವರೂ ಬೇಕಾದಷ್ಟಿದ್ದಾರೆ. ಮೊದಲನೆಯದನ್ನು ಅಯಸ್ಕಾಂತ ಹಿಡಿದುಕೊಡುತ್ತದೆ. ಎರಡನೆಯದಕ್ಕೆ ಪಳಗಿದ ಕಣ್ಣೇ ಬೇಕು. ಅಕ್ಷರ ಎರಡಾಗಿ ಕಂಡ ಮಾತ್ರಕ್ಕೆ ನಾಣ್ಯ ಬೆಲೆಬಾಳುವುದಿಲ್ಲ. ಅಚ್ಚಿನಲ್ಲೇ ಜೋಡಿ ಗುರುತಿದ್ದರೆ ಅದಕ್ಕೆ ಬೆಲೆಯುಂಟು. ಒತ್ತುವಾಗ ಅಚ್ಚು ಸಡಿಲವಾಗಿ ಅದುರಿದ್ದರೆ ಅದು ಸಾಮಾನ್ಯ ಸಂಗತಿ, ಬೆಲೆಯಿಲ್ಲ. ಟಂಕಸಾಲೆಯಿಂದ ಹೊರಬಂದ ಮೇಲೆ ಜಜ್ಜಿದ, ಕೊರೆದ, ಸುಟ್ಟ ನಾಣ್ಯ ದೋಷ ನಾಣ್ಯವಲ್ಲ, ಕೆಟ್ಟ ನಾಣ್ಯ ಅಷ್ಟೆ.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದರು. 2001ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಬಂತು. ಮೋಸದ ಭಯದಿಂದ ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆ ಹೇಳುತ್ತಾನೆ. ಒಳ್ಳೆಯ ಸರಕು ಇರುವವನು ಮಾರುಕಟ್ಟೆಯಿಂದ ದೂರ ಸರಿಯುತ್ತಾನೆ. ನಾಣ್ಯ ಲೋಕ ಇದಕ್ಕೆ ಕಂಡುಕೊಂಡ ಮದ್ದು ಮೂರನೆಯವರ ಪ್ರಮಾಣೀಕರಣ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಅಮೆರಿಕದಲ್ಲಿ ಆರಂಭವಾದವು. ನಾಣ್ಯವನ್ನು ಪರಿಶೀಲಿಸಿ, ಅಸಲಿಯೆಂದು ಖಚಿತಪಡಿಸಿ, 1ರಿಂದ 70ರವರೆಗಿನ ಶ್ರೇಣಿಯಲ್ಲಿ ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತಿ ಹಿಂದಿರುಗಿಸುವುದು ಅವುಗಳ ಕೆಲಸ. ಈ 70ರ ಮಾಪನವನ್ನು 1949ರಲ್ಲಿ ರೂಪಿಸಿದವರು ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿ. ತೀರ ಸವೆದ ನಾಣ್ಯಕ್ಕಿಂತ ನಿಷ್ಕಳಂಕ ನಾಣ್ಯಕ್ಕೆ ಎಪ್ಪತ್ತು ಪಟ್ಟು ಬೆಲೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಆ ಬೆಲೆಯ ಲೆಕ್ಕ ಎಂದೋ ಸುಳ್ಳಾಯಿತು; ಅಳತೆಗೋಲು ಮಾತ್ರ ಉಳಿಯಿತು.

ಈ ವ್ಯವಸ್ಥೆಯಲ್ಲಿ ಹುಳುಕಿಲ್ಲವೆಂದಲ್ಲ. ಶುಲ್ಕ ಕೊಡುವವನು ನಾಣ್ಯದ ಒಡೆಯನೇ. 2008ರ ಆರ್ಥಿಕ ಕುಸಿತಕ್ಕೆ ಮುನ್ನ ಸಾಲಪತ್ರಗಳಿಗೆ ಉದಾರವಾಗಿ ದರ್ಜೆ ಕೊಟ್ಟ ಸಂಸ್ಥೆಗಳ ಸ್ಥಿತಿಯೂ ಇದೇ ಆಗಿತ್ತು. ಒಂದೇ ನಾಣ್ಯವನ್ನು ಕವಚ ಒಡೆದು ಮತ್ತೆ ಮತ್ತೆ ಕಳುಹಿಸಿ, ಒಂದಂಕ ಹೆಚ್ಚು ಪಡೆಯಲು ಹವಣಿಸುವವರೂ ಇದ್ದಾರೆ. ಆದರೂ ಒಂದು ಮುಖ್ಯ ವ್ಯತ್ಯಾಸವಿದೆ: ಈ ಸಂಸ್ಥೆಗಳು ತಮ್ಮ ತೀರ್ಪಿಗೆ ಖಾತರಿ ನೀಡುತ್ತವೆ, ನಾಣ್ಯ ನಕಲಿಯೆಂದು ಸಾಬೀತಾದರೆ ನಷ್ಟ ತುಂಬುವ ಹೊಣೆ ಹೊರುತ್ತವೆ. ಮಾತಿಗೆ ಬೆಲೆ ಬರುವುದು ಮಾತು ತಪ್ಪಿದಾಗ ದಂಡ ತೆರಬೇಕಾದಾಗ ಮಾತ್ರ.

ನಮ್ಮಲ್ಲಿ ಈ ಕೊಂಡಿಯೇ ಸಡಿಲ. ಹಿಂದೆ ಚಿನ್ನ ಬೆಳ್ಳಿಯ ನಾಣ್ಯವನ್ನು ಪರೀಕ್ಷಿಸಿ ಹೇಳುವ ಚಿನಿವಾರನಿದ್ದ. ಅವನ ಹೆಸರು ಪತ್ರಿಕೆಗಳ ‘ಚಿನಿವಾರ ಪೇಟೆ’ಯ ಅಂಕಣದಲ್ಲಿ ಉಳಿದುಕೊಂಡಿತು. ಅವನ ಒರೆಗಲ್ಲಿನ ಜಾಗವನ್ನು ಈಗ ಮೊಬೈಲಿನ ವದಂತಿ ಆಕ್ರಮಿಸಿದೆ. ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬಕ್ಕೆಂದು 2012ರಲ್ಲಿ ಟಂಕಿಸಿ ಧಾರಾಳವಾಗಿ ಚಲಾವಣೆಗೆ ಬಂದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೆಂದು ನಂಬಿದವರು ಎಷ್ಟೋ ಮಂದಿ. ಅದು ಅಪರೂಪದ್ದೂ ಅಲ್ಲ, ದೋಷದ್ದೂ ಅಲ್ಲ. ಇಂಥವರನ್ನು ಹುಡುಕಿ ಬರುವ ‘ಖರೀದಿದಾರ’ ಮೊದಲು ಕೇಳುವುದು ನಾಣ್ಯವನ್ನಲ್ಲ. ನೋಂದಣಿ ಶುಲ್ಕ, ತೆರಿಗೆ, ಕಮಿಷನ್. ರಿಸರ್ವ್ ಬ್ಯಾಂಕ್ ತನ್ನ ಹೆಸರು ಮತ್ತು ಲಾಂಛನದ ದುರುಪಯೋಗವಾಗುತ್ತಿದೆ, ಇಂಥ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು. ಇದರಲ್ಲಿ ಕಳೆದುಹೋಗುವುದು ಶ್ರೀಮಂತರ ಹಣವಲ್ಲ, ಪಿಂಚಣಿಯ ಹಣ, ಮಗಳ ಮದುವೆಗೆಂದು ಕೂಡಿಟ್ಟ ಹಣ.

ಚಿನ್ನದ ವಿಷಯದಲ್ಲಿ ಸರ್ಕಾರ ಹಾಲ್‌ಮಾರ್ಕ್ ಗುರುತನ್ನು 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯಗೊಳಿಸಿದೆ. ನಾಣ್ಯಕ್ಕೆ ಅಷ್ಟೆಲ್ಲ ಬೇಡ. ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದ ಟಂಕಸಾಲೆಗಳು ಯಾವ ವರ್ಷ ಯಾವ ನಾಣ್ಯವನ್ನು ಎಷ್ಟು ಟಂಕಿಸಿದವು, ಬಿಲ್ಲೆಯ ತೂಕ ಮತ್ತು ಲೋಹ ಯಾವುದು ಎಂಬುದನ್ನು ಜನರ ಭಾಷೆಗಳಲ್ಲಿ, ಸುಲಭವಾಗಿ ಸಿಗುವಂತೆ ಪ್ರಕಟಿಸಿದರೂ ಅರ್ಧ ವದಂತಿ ಸಾಯುತ್ತದೆ. ಉಳಿದರ್ಧಕ್ಕೆ ನಮ್ಮ ವಿವೇಕವೇ ಮದ್ದು. ನಾಣ್ಯವನ್ನು ಮೊದಲು ತೂಗಿ, ಅಯಸ್ಕಾಂತ ಹಿಡಿದು, ಅದೇ ವರ್ಷದ ಇನ್ನೊಂದರೊಡನೆ ಹೋಲಿಸಬೇಕು. ಪ್ರಮಾಣೀಕರಣದ ಖರ್ಚು ನಾಣ್ಯ ತರಬಹುದಾದ ಬೆಲೆಗಿಂತ ಹೆಚ್ಚಾಗುವಂತಿದ್ದರೆ ಅದನ್ನು ಸಂತೋಷಕ್ಕೆಂದು ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದು ಲೇಸು. ಮಾರುವವನಿಂದಲೇ ಮುಂಗಡ ಕೇಳುವ ಕೊಳ್ಳುಗ ಕೊಳ್ಳುಗನೇ ಅಲ್ಲ.

ಯಂತ್ರದ ತಪ್ಪಿಗೆ ಲಕ್ಷ ರೂಪಾಯಿ ಬಂದೀತು. ಮನುಷ್ಯನ ದುರಾಸೆಯ ತಪ್ಪಿಗೆ ಬೆಲೆ ಸಿಗುವುದಿಲ್ಲ, ಬೆಲೆ ತೆರಬೇಕಾಗುತ್ತದೆ.