ಹಲ್ಲು ಕಿತ್ತರೂ ಅಳಿಯದ ಗುರುತು

ಕೊಲೆಗಾರನು ಅರಿಯದವನಾದರೆ ಅವನು ಬಿಟ್ಟ ಸುಳಿವು ಬೇಗನೆ ಸಿಗುತ್ತದೆ. ದೇಹದ ಮರ್ಮವನ್ನು ಬಲ್ಲ ವೈದ್ಯನೇ ಕೊಲೆಗಾರನಾದರೆ ಗತಿಯೇನು? 1935ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಪಟ್ಟಣದಲ್ಲಿ ನಡೆದ ಜೋಡಿ ಕೊಲೆಯು ಈ ಪ್ರಶ್ನೆಗೆ ಉತ್ತರವನ್ನಿತ್ತಿದೆ. ಅಪರಾಧಿಯು ಮುಂಬಯಿಯಲ್ಲಿ ಹುಟ್ಟಿ, ಇಲ್ಲಿಯೇ ವೈದ್ಯವಿದ್ಯೆ ಕಲಿತ ಪಾರ್ಸಿ, ಡಾಕ್ಟರ್ ಬಕ್ ರಕ್ಸ್‌ಟನ್.

ಆ ವರ್ಷದ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಟ್ ಊರಿನ ಬಳಿ, ಸೇತುವೆಯ ಕೆಳಗಿನ ಹಳ್ಳದಲ್ಲಿ ಮಾನವ ದೇಹಗಳ ತುಂಡುಗಳ ಗಂಟುಗಳು ದೊರೆತವು. ಗುರುತು ಹತ್ತದಿರಲೆಂದು ಮುಖಗಳನ್ನು ವಿರೂಪಗೊಳಿಸಿ ಹಲ್ಲುಗಳನ್ನು ಕೀಳಲಾಗಿತ್ತು. ಆದರೆ ಕೀಲುಗಳನ್ನು ಬಿಡಿಸಿದ ಅಚ್ಚುಕಟ್ಟೇ ಕೊಲೆಗಾರನ ವಿದ್ಯೆಯನ್ನು ಹೊರಗೆಡಹಿತು. ಸುತ್ತಿದ್ದ ಕಾಗದಗಳಲ್ಲಿ 'ಸಂಡೆ ಗ್ರಾಫಿಕ್' ಪತ್ರಿಕೆಯ ಸೆಪ್ಟೆಂಬರ್ 15ರ ಸಂಚಿಕೆಯೂ ಇತ್ತು. ಅದು ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಮಾರಾಟವಾದ ವಿಶೇಷ ಆವೃತ್ತಿ! ಡಾಕ್ಟರರೊಡನೆ ಪತ್ನಿಯಂತೆ ಬಾಳುತ್ತಿದ್ದ ಇಸಬೆಲ್ಲಾ ಹಾಗೂ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಇಪ್ಪತ್ತು ವರ್ಷದ ಮೇರಿ ರೋಜರ್ಸನ್ ಇಬ್ಬರೂ ಅಲ್ಲಿಂದ ಕಾಣೆಯಾಗಿದ್ದರು.

ಗ್ಲಾಸ್ಗೋದ ಪ್ರೊಫೆಸರ್ ಗ್ಲೇಸ್ಟರ್, ಎಡಿನ್‌ಬರೋದ ಪ್ರೊಫೆಸರ್ ಬ್ರಾಷ್ ಮೊದಲಾದ ವಿದ್ವಾಂಸರು ತುಂಡುಗಳನ್ನು ಜೋಡಿಸಿ ಎರಡು ದೇಹಗಳನ್ನಾಗಿ ವಿಂಗಡಿಸಿದರು. ಎಳೆಯ ವಯಸ್ಸಿನಲ್ಲಿ ಎಲುಬಿನ ತುದಿಗಳು ಬೇರೆಯಾಗಿದ್ದು, ಬೆಳೆದಂತೆ ಕೂಡಿಕೊಳ್ಳುತ್ತವೆ. ಇದರಿಂದ ವಯಸ್ಸನ್ನು ಅಂದಾಜು ಮಾಡಬಹುದು. ಬದುಕಿದ್ದಾಗ ಕಿತ್ತ ಹಲ್ಲಿನ ಗುಳಿಯು ಕಾಲಕ್ರಮದಲ್ಲಿ ಎಲುಬಿನಿಂದ ತುಂಬುತ್ತದೆ. ಸತ್ತ ಮೇಲೆ ಕಿತ್ತರೆ ಹಾಗೆಯೇ ಬರಿದಾಗಿರುತ್ತದೆ. ಹೀಗೆ, ಇಲ್ಲದ ಹಲ್ಲೂ ಸಾಕ್ಷಿ ನುಡಿಯಿತು. ಇಸಬೆಲ್ಲಾಳ ಭಾವಚಿತ್ರವನ್ನು ನಿಜಪ್ರಮಾಣಕ್ಕೆ ಹಿಗ್ಗಿಸಿ, ಅದೇ ಕೋನದಿಂದ ತೆಗೆದ ತಲೆಬುರುಡೆಯ ಚಿತ್ರವನ್ನು ಅದರ ಮೇಲಿಟ್ಟಾಗ ಎರಡೂ ಹೊಂದಿಕೊಂಡವು. ಪಾದಗಳ ಅಚ್ಚುಗಳು ಅವರವರ ಜೋಡುಗಳಿಗೆ ಸರಿಹೋದವು. 1936ರ ಮಾರ್ಚಿಯಲ್ಲಿ ಮ್ಯಾಂಚೆಸ್ಟರಿನ ನ್ಯಾಯಾಲಯವು ಇಸಬೆಲ್ಲಾಳ ಕೊಲೆಗಾಗಿ ಮರಣದಂಡನೆಯನ್ನು ವಿಧಿಸಿತು. ಮೇ 12ರಂದು ಅವನು ಗಲ್ಲಿಗೇರಿದನು.

ತಲೆಬುರುಡೆಯ ಹೊಂದಿಕೆಯೊಂದನ್ನೇ ನಂಬಿ ತೀರ್ಮಾನಿಸಲಾಗದು. ಈಗ ಹಲ್ಲಿನ ಕ್ಷಕಿರಣ ಚಿತ್ರಗಳೂ ಡಿ.ಎನ್.ಎ. ಪರೀಕ್ಷೆಯೂ ನೆರವಿಗಿವೆ. ಹಲ್ಲಿನ ಹೊರಕವಚವು ದೇಹದಲ್ಲೆಲ್ಲ ಗಟ್ಟಿಯಾದ ವಸ್ತುವಾದ್ದರಿಂದ, ಬೆಂಕಿಯಲ್ಲಿ ಬೆಂದವರ ಗುರುತೂ ಅದರಿಂದ ಸಿಗುವುದುಂಟು. ಆದರೆ ಯಾವ ಪರೀಕ್ಷೆಗೂ ಹೋಲಿಸಿ ನೋಡಲು ಒಂದು ಹೆಸರು ಬೇಕು. ಆ ಹೆಸರನ್ನು ಕೊಡುವವರು ಯಾರು?

ನಮ್ಮ ಮನಸ್ಸನ್ನು ಬಹುವಾಗಿ ಕಲಕಿದ ಸಂಗತಿ ಇದೇ. ಮೇರಿಯು ಗರ್ಭಿಣಿಯಾಗಿರುವಳೆಂದೂ ಇಸಬೆಲ್ಲಾ ಅವಳನ್ನು ಗುಟ್ಟಾಗಿ ಬೇರೆಡೆಗೆ ಕರೆದೊಯ್ದಿರುವಳೆಂದೂ ವೈದ್ಯನು ಆಕೆಯ ತಂದೆತಾಯಿಯರಿಗೆ ಕಥೆ ಹೇಳಿದನು. ಮಾನಕ್ಕಂಜಿ ಬಡವರು ಬಾಯಿ ಮುಚ್ಚುವರೆಂದು ಅವನ ಎಣಿಕೆ. ಅವರು ಬಾಯಿ ಮುಚ್ಚಲಿಲ್ಲ, ಪೊಲೀಸರಲ್ಲಿಗೆ ಹೋದರು. ಶವದೊಡನೆ ಸಿಕ್ಕ ರವಿಕೆಯ ತೋಳಡಿಯಲ್ಲಿ ತಾನೇ ಹಾಕಿದ್ದ ತೇಪೆಯನ್ನು ಮಲತಾಯಿಯು ಗುರುತಿಸಿದಳು.

ಊರು ಬಿಟ್ಟು ಬಂದು ದುಡಿಯುವ ನಮ್ಮವರಿಗೆ ಈ ಮಾತು ಮುಖ್ಯ. ಕೆಲಸದ ಹುಡುಗನು ಹೇಳದೆ ಕಾಣೆಯಾದರೆ, 'ಬೇರೆ ಹೋಟೆಲಿಗೆ ಹೋಗಿರಬೇಕು' ಎಂದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರು ಸುಮ್ಮನಾಗಬಾರದು. ಅವನ ಊರು, ಮನೆಯವರ ವಿಳಾಸ, ಒಂದು ಭಾವಚಿತ್ರ ಇವಿಷ್ಟು ನಮ್ಮಲ್ಲಿರಲಿ. ನಾಲ್ಕು ದಿನ ಸುದ್ದಿಯಿಲ್ಲದಿದ್ದರೆ ಮನೆಗೆ ತಿಳಿಸೋಣ, ಠಾಣೆಗೂ ಹೋಗೋಣ. ಕೇಳುವವರಿದ್ದರೆ ಮಾತ್ರ ಎಲುಬು ಉತ್ತರ ಹೇಳುತ್ತದೆ.