ಹಬ್ಬದ ಊಟ ಮುಗಿದ ಮೇಲೆ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ನಮ್ಮಲ್ಲಿ ಅನೇಕರಿಗೆ ಅದು ತೆನೆಹಬ್ಬ. ಆಶೀರ್ವದಿಸಿದ ಹೊಸ ತೆನೆಯನ್ನು ಭಕ್ತಿಯಿಂದ ಮನೆಗೆ ಒಯ್ಯುತ್ತೇವೆ. ಆದರೆ ಅಂಗಳದಲ್ಲಿ ಬಿಟ್ಟುಹೋಗುವುದೇನು? ಅರ್ಧ ಕುಡಿದ ನೀರಿನ ಬಾಟಲಿಗಳು. ಮಳೆ ಬಂದರೆ ಇಂಥ ಕಸ ಚರಂಡಿ ಹಿಡಿದು ಶಿವಮೊಗ್ಗದಲ್ಲಿ ತುಂಗೆಗೂ ಭದ್ರಾವತಿಯಲ್ಲಿ ಭದ್ರೆಗೂ ಇಳಿಯುತ್ತದೆ. ಕೂಡಲಿಯಲ್ಲಿ ನದಿಗಳೆರಡೂ ಒಂದಾಗುವಂತೆ ನಮ್ಮ ಕಸವೂ ಒಂದಾಗಿ, ತುಂಗಭದ್ರೆಯ ನೀರನ್ನೇ ನಂಬಿದ ಕೆಳಗಿನ ಊರುಗಳತ್ತ ಸಾಗುತ್ತದೆ.

ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೆ ನೀರಿನ ಬಾಟಲಿ, ಹಾಲಿನ ಪ್ಯಾಕೆಟ್, ಶಾಂಪೂ ಸ್ಯಾಶೆ ಆ ಪಟ್ಟಿಯಲ್ಲಿಲ್ಲ. ಇಲ್ಲಿ ಕಾನೂನಿಗಿಂತ ನಮ್ಮ ವಿವೇಕವೇ ಕೆಲಸ ಮಾಡಬೇಕು.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಮತ್ತೆ ತುಂಬಿಸುವುದು. ಗ್ಯಾಸ್ ಸಿಲಿಂಡರನ್ನು ಯಾರಾದರೂ ಎಸೆಯುತ್ತಾರೆಯೇ? ಠೇವಣಿ ಇಟ್ಟಿದ್ದೇವೆ, ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಪಡೆಯುತ್ತೇವೆ. ಗೋಲಿಸೋಡಾ ಬಾಟಲಿಯದೂ ಇದೇ ಕ್ರಮ. ಖಾಲಿ ಪಾತ್ರೆಗೆ ಬೆಲೆ ಇದ್ದರೆ ಅದು ಬೀದಿಗೆ ಬೀಳುವುದಿಲ್ಲ.

ಎರಡನೆಯದು ಕರಗಿಸಿ ಹೊಸ ವಸ್ತು ಮಾಡುವುದು. ನೀರಿನ ಬಾಟಲಿ, ಹಾಲಿನ ಪ್ಯಾಕೆಟ್ ಇದಕ್ಕೆ ಒದಗುತ್ತವೆ. ಆದರೆ ತೊಳೆದು, ಒಣಗಿಸಿ, ಬೇರೆಯಾಗಿ ಕೊಡಬೇಕು. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ; ಆ ಚಿಕ್ಕ ಚೂರನ್ನು ಯಾರೂ ಆಯ್ದುಕೊಳ್ಳಲಾರರು. ಚಿಪ್ಸ್ ಪ್ಯಾಕೆಟ್, ಸ್ಯಾಶೆಗಳಲ್ಲಿ ಹಲವು ಪದರಗಳು ಒಂದಕ್ಕೊಂದು ಅಂಟಿರುತ್ತವೆ. ಬೇರ್ಪಡಿಸುವುದು ಬಹಳ ಕಷ್ಟ. ಅವುಗಳನ್ನು ಕಡಿಮೆ ಕೊಳ್ಳುವುದೇ ಮದ್ದು. ಹಿತ್ತಲಲ್ಲಿ ಸುಟ್ಟರೆ ಆ ವಿಷದ ಹೊಗೆ ಮೊದಲು ಸೇರುವುದು ನಮ್ಮ ಮಕ್ಕಳ ಎದೆಯನ್ನೇ.

ಹಾಗಾದರೆ ಕಾಗದದ ಲೋಟ ತರೋಣವೇ? ಕಾಗದದ ಕಾರ್ಖಾನೆಯನ್ನು ಕಂಡ ಭದ್ರಾವತಿಯವರಿಗೆ ಗೊತ್ತು, ಕಾಗದಕ್ಕೂ ಮರ ಬೇಕು, ನೀರು ಬೇಕು. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಪ್ಲಾಸ್ಟಿಕ್ಕಿನೊಡನೆ ಕಾಗದದ ಬಳಕೆಯನ್ನೂ ತಗ್ಗಿಸಲು ಹೇಳಿದ್ದು ಇದೇ ಅರ್ಥದಲ್ಲಿ. ತೊಳೆದು ಬಳಸುವ ಸ್ಟೀಲ್ ಲೋಟವೇ ಮೇಲು.

ಲೆಕ್ಕ ಹಾಕೋಣ. ಹಬ್ಬಕ್ಕೆ 500 ಜನ, ತಲೆಗೆ ಕಾಲು ಲೀಟರಿನ ಎರಡು ಬಾಟಲಿ ಎಂದರೆ 1000 ಬಾಟಲಿ ಕಸ. ಅಷ್ಟೇ ನೀರಿಗೆ 20 ಲೀಟರಿನ 13 ಕ್ಯಾನ್ ಸಾಕು, ಅವೂ ಮರಳಿ ಹೋಗುತ್ತವೆ. ಐದು ಸಾವಿರ ಜನರಿಗೆ ಊಟವಿತ್ತ ಪ್ರಭು, ಉಳಿದ ತುಣುಕುಗಳನ್ನು ಹಾಳಾಗದಂತೆ ಕೂಡಿಸಲು ಶಿಷ್ಯರಿಗೆ ಹೇಳಿದರು. ಈ ಹಬ್ಬಕ್ಕೆ ಪ್ರತಿ ಕುಟುಂಬವೂ ತನ್ನ ಲೋಟಗಳನ್ನು ಮನೆಯಿಂದಲೇ ತರಲಿ.